ಬರ್ನಾರ್ಡ್ ಷಾ ಮತ್ತು ಅವನ ಹೂವಾಡಗಿತ್ತಿ

ಜಾರ್ಜ್ ಬರ್ನಾರ್ಡ್ ಷಾ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. 1856ರ ಜುಲೈ 26ರಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಜನಿಸಿದ ಅವನಿಗೆ ತಂದೆಯ ಕುಡಿತ, ತಾಯಿಯ ಸಂಗೀತ ಇವೆರಡೇ ಪಿತ್ರಾರ್ಜಿತ. ಹದಿನೈದನೆಯ ವಯಸ್ಸಿಗೇ ಕಛೇರಿಯೊಂದರಲ್ಲಿ ಗುಮಾಸ್ತನಾದ. 1876ರಲ್ಲಿ, ಮೊದಲೇ ಲಂಡನ್ ಸೇರಿದ್ದ ತಾಯಿಯ ಬಳಿಗೆ ಹೋದ. ಅಲ್ಲಿ ಬರೆದ ಐದು ಕಾದಂಬರಿಗಳನ್ನು ಪ್ರಕಾಶಕರು ಒಂದರ ಹಿಂದೊಂದರಂತೆ ಹಿಂದಿರುಗಿಸಿದರು. ಬ್ರಿಟಿಷ್ ಮ್ಯೂಜಿಯಮ್ಮಿನ ವಾಚನಾಲಯವೇ ಅವನ ವಿಶ್ವವಿದ್ಯಾಲಯವಾಯಿತು. 1884ರಲ್ಲಿ ಫೇಬಿಯನ್ ಸಂಘ ಸೇರಿದ. ಮಾತನಾಡಲು ನಾಚುತ್ತಿದ್ದವನು ಸಭೆಯಿಂದ ಸಭೆಗೆ ಅಲೆದು ವಾಗ್ಮಿಯಾದ. ಮೊದಲ ನಾಟಕ ರಂಗಕ್ಕೆ ಬಂದದ್ದು 1892ರಲ್ಲಿ, ಅವನ ಮೂವತ್ತಾರನೆಯ ವಯಸ್ಸಿನಲ್ಲಿ.

ಮಾತನ್ನು ಕಷ್ಟಪಟ್ಟು ಸಂಪಾದಿಸಿದ ಇಂತಹವನೇ 'ಪಿಗ್ಮೇಲಿಯನ್' ಬರೆದನೆಂಬುದು ಆಶ್ಚರ್ಯವಲ್ಲ. ತಾನು ಕಡೆದ ಪ್ರತಿಮೆಯನ್ನೇ ಪ್ರೀತಿಸಿದ ಶಿಲ್ಪಿಯ ಗ್ರೀಕ್ ಕಥೆಯಿಂದ ಬಂದ ಹೆಸರು ಅದು. ಹಿಗಿನ್ಸ್ ಎಂಬ ಧ್ವನಿಶಾಸ್ತ್ರಜ್ಞ ಎಲೈಜ ಎಂಬ ಹೂವಾಡಗಿತ್ತಿಯ ಉಚ್ಚಾರವನ್ನು ತಿದ್ದಿ, ಆರು ತಿಂಗಳೊಳಗೆ ಆಕೆಯನ್ನು ದೊಡ್ಡ ಮನೆತನದವಳೆಂದು ನಂಬಿಸಲು ಪಣ ತೊಡುತ್ತಾನೆ, ಗೆಲ್ಲುತ್ತಾನೆ. ಎಲೈಜಳ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಇದು ನಮಗೆ ಪರಕೀಯವೆ? ಮೊದಲ ವರ್ಷದ ತರಗತಿಯಲ್ಲಿ ನಾನು ಎದ್ದು ನಿಂತು ಹಾಲನ್ನು 'ಆಲು' ಎಂದು ಓದಿದಾಗ ಹಿಂದಿನ ಬೆಂಚು ನಕ್ಕಿತು. ಈಗ ಹಕಾರ ಬಂದಿದೆ. ಊರಿಗೆ ಹೋದರೆ ಅದನ್ನು ಕೇಳಿ ಮನೆಯವರು ನಗುತ್ತಾರೆ. ಪಣ ಗೆದ್ದ ರಾತ್ರಿ ಎಲೈಜಳನ್ನು ಕಾಡುವುದೂ ಇದೇ. ಬೀದಿಯಲ್ಲಿ ಹೂ ಮಾರಲು ಇನ್ನು ಆಗದು, ಬಂಗಲೆ ತನ್ನದಲ್ಲ, ತಾನು ಹೋಗುವುದೆಲ್ಲಿಗೆ? ಹಿಗಿನ್ಸನಿಗೆ ಆ ಪ್ರಶ್ನೆ ಹೊಳೆದೇ ಇರುವುದಿಲ್ಲ.

ನಾಟಕ ಮೊದಲು ಆಡಿದ್ದು 1913ರಲ್ಲಿ, ವಿಯೆನ್ನಾದಲ್ಲಿ, ಜರ್ಮನ್ ಭಾಷೆಯಲ್ಲಿ. 1914ರ ಏಪ್ರಿಲ್ 11ರಂದು ಲಂಡನ್ನಿನ ರಂಗವೇರಿತು. ಎಲೈಜಳ ಪಾತ್ರಕ್ಕೆ ಬಂದ ಮಿಸೆಸ್ ಪ್ಯಾಟ್ರಿಕ್ ಕ್ಯಾಂಪ್‌ಬೆಲ್‌ಗೆ ಆಗ ನಲವತ್ತೊಂಬತ್ತು ವರ್ಷ! ವಿವಾಹಿತನಾಗಿದ್ದೂ ಷಾ ಆಕೆಗೆ ಮನಸೋತಿದ್ದ. ಆಕೆಯಾದರೋ ಪ್ರಥಮ ಪ್ರದರ್ಶನಕ್ಕೆ ಕೆಲವೇ ದಿನ ಮುಂಚೆ ಬೇರೊಬ್ಬನನ್ನು ಮದುವೆಯಾದಳು. ತನ್ನ ಬಾಳಿನಲ್ಲಿ ಹೇಗೇ ಇರಲಿ, ನಾಟಕದಲ್ಲಿ ಮಾತ್ರ ಷಾ ಪ್ರಣಯಕ್ಕೆ ಎಡೆಗೊಡಲಿಲ್ಲ. ಎಲೈಜ ಹಿಗಿನ್ಸನನ್ನು ಬಿಟ್ಟು ಹೊರಡುತ್ತಾಳೆ, ಅಷ್ಟೆ. ಆದರೆ ಹಿಗಿನ್ಸನ ಪಾತ್ರಧಾರಿ ಬೀರ್‌ಬೋಮ್ ಟ್ರೀ ಕೊನೆಯಲ್ಲಿ ಆಕೆಗೆ ಹೂವೆಸೆದು ಪ್ರೇಕ್ಷಕರನ್ನು ತಣಿಸಿದ. ಷಾ ಕೆರಳಿದ. 1916ರಲ್ಲಿ ಪುಸ್ತಕಕ್ಕೆ ಉತ್ತರಕಥೆಯನ್ನೇ ಜೋಡಿಸಿದ: ಎಲೈಜ ಫ್ರೆಡಿ ಎಂಬ ಬಡ ತರುಣನನ್ನು ವರಿಸಿ ಹೂವಿನಂಗಡಿ ಇಡುತ್ತಾಳೆ, ಲೆಕ್ಕ ಬರೆಯುವುದನ್ನು ಕಲಿಯಲು ತರಗತಿಗೆ ಹೋಗುತ್ತಾಳೆ. ನನಗಂತೂ ನಾಟಕಕ್ಕಿಂತ ಈ ಭಾಗವೇ ಪ್ರಿಯ.

ಚಲನಚಿತ್ರ ಬಂದರೂ ಜಗಳ ಮುಗಿಯಲಿಲ್ಲ. 1938ರಲ್ಲಿ ಗೇಬ್ರಿಯಲ್ ಪ್ಯಾಸ್ಕಲ್ ತಯಾರಿಸಿದ ಚಿತ್ರದಲ್ಲಿ ಲೆಸ್ಲಿ ಹೋವರ್ಡ್, ವೆಂಡಿ ಹಿಲ್ಲರ್ ನಟಿಸಿದರು. ಚಿತ್ರಕಥೆಗೆ ಷಾನೇ ಕೈ ಹಾಕಿದ್ದ. ಆದರೂ ಅಂತ್ಯದಲ್ಲಿ ಎಲೈಜ ಹಿಗಿನ್ಸನ ಬಳಿಗೆ ಮರಳಿದಳು. ಅದೇ ಚಿತ್ರಕಥೆಗೆ ಅವನಿಗೆ ಆಸ್ಕರ್ ಬಂತು! 1925ರ ನೊಬೆಲ್ ಬಹುಮಾನ ಮೊದಲೇ ಬಂದಿತ್ತು. ಅದರ ಹಣವನ್ನು ಸ್ವೀಡಿಷ್ ಸಾಹಿತ್ಯ ಇಂಗ್ಲಿಷಿಗೆ ಬರಲೆಂದು ಬಿಟ್ಟುಕೊಟ್ಟಿದ್ದ.

ನಾಟಕಕ್ಕೆ ಹಾಡು ಕೂಡಿಸಲು ಬಂದವರಿಗೆ ಅವನು ಬದುಕಿರುವವರೆಗೂ ಅನುಮತಿ ಕೊಡಲಿಲ್ಲ. 1950ರ ನವೆಂಬರ್ 2ರಂದು, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ. 1956ರಲ್ಲಿ ನ್ಯೂಯಾರ್ಕಿನಲ್ಲಿ ಅದು 'ಮೈ ಫೇರ್ ಲೇಡಿ' ಎಂಬ ಗೀತನಾಟಕವಾಯಿತು. 1964ರಲ್ಲಿ ಆಡ್ರೆ ಹೆಪ್‌ಬರ್ನ್, ರೆಕ್ಸ್ ಹ್ಯಾರಿಸನ್ ಅಭಿನಯದ ಚಿತ್ರವಾಗಿ ಎಂಟು ಆಸ್ಕರ್ ಗಳಿಸಿತು. ಎಲೈಜ ಅಲ್ಲಿಯೂ ಮರಳಿಬರುತ್ತಾಳೆ. ಹೂವಿನಂಗಡಿಯ ಸುದ್ದಿಯಿಲ್ಲ. ಅದರಿಂದ ಬಂದ ಹಣದ ಪಾಲು ಷಾನ ಉಯಿಲಿನಂತೆ ಮೂರು ಸಂಸ್ಥೆಗಳಿಗೆ ಸೇರಿತು. ಅವುಗಳಲ್ಲೊಂದು, ಬಡತನದಲ್ಲಿ ಅವನು ಕೂತು ಓದಿದ ಬ್ರಿಟಿಷ್ ಮ್ಯೂಜಿಯಂ.