ತೆಪ್ಪವೇರಿ ಹೊರಟ ಊರುಗಳು

ಪರಾಗ್ವೆ ಮತ್ತು ಬ್ರೆಜಿಲ್ ನಡುವೆ ಚಾಚಿಕೊಂಡಿರುವ ಅರ್ಜೆಂಟೀನಾದ ಒಂದು ಪ್ರಾಂತ್ಯ ಮಿಸಿಯೋನೆಸ್. ಕೆಂಪು ಮಣ್ಣು, ದಟ್ಟ ಕಾಡು, ಪಕ್ಕದಲ್ಲೇ ಪರಾನಾ ನದಿ. ಧರ್ಮಪ್ರಚಾರ ಕೇಂದ್ರಗಳು ಎಂಬುದೇ ಆ ಹೆಸರಿನ ಅರ್ಥ. ಅಲ್ಲಿ ಊರು ಕಟ್ಟಿದವರಲ್ಲಿ ಯೇಸುಸಭೆಯ ಗುರು ಆಂತೋನಿಯೊ ರೂಯಿಸ್ ದೆ ಮೊಂತೋಯಾ ಪ್ರಮುಖರು.

1585ರಲ್ಲಿ ಲಿಮಾದಲ್ಲಿ ಹುಟ್ಟಿದ ಇವರು ಎಳವೆಯಲ್ಲೇ ತಬ್ಬಲಿಯಾದರು. ಯೌವನದ ಪೋಲಿತನ ಬಿಟ್ಟು 1606ರಲ್ಲಿ ಯೇಸುಸಭೆ ಸೇರಿದರು. ನದಿಯ ಮೇಲ್ದಂಡೆಯ ಗ್ವೈರಾ ಸೀಮೆಯಲ್ಲಿ ಗ್ವಾರಾನಿ ಜನರೊಡನೆ ಬಾಳಿ ಅವರ ನುಡಿ ಕಲಿತರು. ಆದರೆ ಸಾವೊ ಪಾಲೊದ ಗುಲಾಮಬೇಟೆಗಾರರು ಊರೂರನ್ನೇ ಸೂರೆಗೈದರು. ಅವರೂ ಕ್ರೈಸ್ತರೇ!

1631ರಲ್ಲಿ ಫಾದರ್ ಮೊಂತೋಯಾ ಸುಮಾರು 12,000 ಜನರನ್ನು 700 ತೆಪ್ಪ, ದೋಣಿಗಳಲ್ಲಿ ಹೊರಡಿಸಿದರು. ಗ್ವೈರಾದ ಮಹಾಜಲಪಾತದಲ್ಲಿ ದೋಣಿಗಳು ನುಚ್ಚುನೂರಾದವು. (1982ರಲ್ಲಿ ಆ ಜಲಪಾತವೂ ಇಟಾಯ್ಪು ಹಿನ್ನೀರಿನಲ್ಲಿ ಮುಳುಗಿತು.) ಮಕ್ಕಳು ಮರಿಗಳೊಡನೆ ಕಾಡಿನಲ್ಲಿ ನಡೆದರು. ಹಸಿವು, ರೋಗಗಳಿಗೆ ಸಾವಿರಾರು ಮಂದಿ ಬಲಿಯಾದರು. ಉಳಿದವರು ಯಾಬೆಬಿರಿ ಹೊಳೆಯ ಬಳಿ ಲೊರೆಟೊ, ಸಾನ್ ಇಗ್ನಾಸಿಯೊ ಊರುಗಳನ್ನು ಮತ್ತೆ ಕಟ್ಟಿದರು.

ಮುಂದೆ ಅವರು ಮ್ಯಾಡ್ರಿಡ್‌ಗೆ ಹೋಗಿ ಗ್ವಾರಾನಿಗಳ ಪರವಾಗಿ ಅರಸನ ಮುಂದೆ ಅಹವಾಲಿಟ್ಟರು. 1639ರಲ್ಲಿ ಅಲ್ಲೇ ಗ್ವಾರಾನಿ ನಿಘಂಟನ್ನು ಅಚ್ಚು ಹಾಕಿಸಿದರು. 1652ರಲ್ಲಿ ಲಿಮಾದಲ್ಲಿ ದೈವಾಧೀನರಾದರು. ಗ್ವಾರಾನಿಗಳು ಅವರ ಪಾರ್ಥಿವ ಶರೀರವನ್ನು ಲೊರೆಟೊಗೆ ಹೊತ್ತು ತಂದರು.