ಕ್ಯೂರಿಯ ಹರಳು, ಕ್ಯೂರಿಯ ಗಾಯ

ಕ್ಯೂರಿ ಅಂದ ಕೂಡಲೇ ನಮಗೆ ನೆನಪಾಗೋದು ಮೇರಿ ಕ್ಯೂರಿ ಮತ್ತು ರೇಡಿಯಂ. ಅವರ ಗಂಡ ಪಿಯರ್ ಕ್ಯೂರಿ ಹೆಸರು ಪಠ್ಯಪುಸ್ತಕದಲ್ಲಿ ಪಕ್ಕದಲ್ಲೇ ಬಂದು ಹೋಗುತ್ತೆ, ಅಷ್ಟೇ. ಆದರೆ ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಪ್ರೋಬನ್ನು ಮೈಮೇಲೆ ಇಟ್ಟಾಗಲೆಲ್ಲ ಕೆಲಸ ಮಾಡೋದು ಪಿಯರ್ ಕಂಡುಹಿಡಿದ ಒಂದು ಗುಣ.

ಪಿಯರ್ ಹುಟ್ಟಿದ್ದು 1859ರ ಮೇ 15ರಂದು, ಪ್ಯಾರಿಸ್‌ನಲ್ಲಿ. ತಂದೆ ವೈದ್ಯರು. ಹುಡುಗ ಶಾಲೆಯ ಮೆಟ್ಟಿಲೇ ಹತ್ತಲಿಲ್ಲ, ಮನೆಯಲ್ಲೇ ಓದಿದ. 18ಕ್ಕೆ ಭೌತಶಾಸ್ತ್ರದ ಪದವಿ ಮುಗಿಸಿ ಸೊರ್ಬಾನ್‌ನಲ್ಲಿ ಲ್ಯಾಬ್ ಸಹಾಯಕರಾದರು. 1880ರಲ್ಲಿ ಪಿಯರ್ ಮತ್ತು ಅಣ್ಣ ಜಾಕ್ ಸೇರಿ ಸ್ಫಟಿಕಶಿಲೆ, ಟೂರ್ಮಲಿನ್ ಮುಂತಾದ ಹರಳುಗಳನ್ನು ಒತ್ತಿ ನೋಡಿದರು. ಒತ್ತಿದಾಗ ಮೇಲ್ಮೈಯಲ್ಲಿ ವಿದ್ಯುದಾವೇಶ ಬಂತು! ಇದೇ ನಾವು ಓದೋ ಪೀಜೋ ಎಲೆಕ್ಟ್ರಿಕ್ ಪರಿಣಾಮ. ಇದರ ಉಲ್ಟಾನೂ ನಡೀಬೇಕು ಅಂತ ಲಿಪ್‌ಮನ್ ಮರುವರ್ಷ ಲೆಕ್ಕದಲ್ಲಿ ತೋರಿಸಿದರು. ವೋಲ್ಟೇಜ್ ಕೊಟ್ಟರೆ ಹರಳು ಹಿಗ್ಗಿ ಕುಗ್ಗುತ್ತೆ ಅನ್ನೋದನ್ನ ಅಣ್ಣ ತಮ್ಮ ಪ್ರಯೋಗ ಮಾಡಿ ಖಚಿತಪಡಿಸಿದರು.

1882ರಲ್ಲಿ ಪಿಯರ್ ಪ್ಯಾರಿಸ್‌ನ ಕೈಗಾರಿಕಾ ಭೌತ ಮತ್ತು ರಸಾಯನಶಾಸ್ತ್ರ ಕಾಲೇಜು ಸೇರಿದರು. ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ 22 ವರ್ಷ ಪಾಠ ಮಾಡಿದರು. 1895ರಲ್ಲಿ ಮೇರಿ ಜೊತೆ ಮದುವೆ. 1898ರಲ್ಲಿ ಇಬ್ಬರೂ ಪೊಲೋನಿಯಂ, ರೇಡಿಯಂ ಪತ್ತೆ ಮಾಡಿದರು. ಆ ಸೂಕ್ಷ್ಮ ವಿದ್ಯುತ್ ಅಳೆಯೋಕೆ ಬಳಸಿದ್ದು ಅದೇ ಸ್ಫಟಿಕದ ಉಪಕರಣ.

ರೇಡಿಯಂ ಚರ್ಮಕ್ಕೆ ಏನು ಮಾಡುತ್ತೆ ಅಂತ ನೋಡೋಕೆ ಪಿಯರ್ ಬೇರೆಯವರನ್ನು ಹುಡುಕಲಿಲ್ಲ. ತಮ್ಮ ತೋಳಿನ ಮೇಲೇ ಹತ್ತು ಗಂಟೆ ಇಟ್ಟುಕೊಂಡರು. ಚರ್ಮ ಮೊದಲು ಕೆಂಪಾಯಿತು, ಆಮೇಲೆ ಹಕ್ಕಳೆ ಕಟ್ಟಿ ಹುಣ್ಣಾಯಿತು. 42ನೇ ದಿನ ಅಂಚಿನಿಂದ ಹೊಸ ಚರ್ಮ ಬರತೊಡಗಿತು. 52ನೇ ದಿನವೂ ಒಂದು ಚದರ ಸೆಂಟಿಮೀಟರ್‌ನಷ್ಟು ಗಾಯ ಉಳಿದಿತ್ತು. ಇದನ್ನೆಲ್ಲ ಅವರು 1901ರಲ್ಲಿ ಪ್ರಕಟಿಸಿದರು. ಗಾಯ ಬೂದುಬಣ್ಣಕ್ಕೆ ತಿರುಗಿದ್ದರಿಂದ ಪೆಟ್ಟು ಆಳಕ್ಕೆ ಇಳಿದಿದೆ ಅಂತ ಊಹಿಸಿದರು. ಅಗಲ ಅಳೆಯಬಹುದಿತ್ತು, ಆಳ ಅಳೆಯೋ ದಾರಿ ಇರಲಿಲ್ಲ.

ಆ ದಾರಿ ತೆರೆದಿದ್ದು ಅವರದೇ ಹರಳಿನಿಂದ. ಅವರ ಶಿಷ್ಯ ಪೌಲ್ ಲಾಂಜೆವಿನ್ ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ಪತ್ತೆಗಾಗಿ ಸ್ಫಟಿಕದಿಂದ ಅಲ್ಟ್ರಾಸೌಂಡ್ ಹೊಮ್ಮಿಸಿದರು. ಮುಂದೆ ಆ ತಂತ್ರ ಆಸ್ಪತ್ರೆಗೂ ಬಂತು.

ಸುಟ್ಟಗಾಯಕ್ಕೆ ಚರ್ಮ ಕಸಿ ಮಾಡಿದವರ ಕಷ್ಟ ಅಲ್ಲಿಗೇ ಮುಗಿಯಲ್ಲ. ಗಾಯದ ಕಲೆ ದಪ್ಪಗಾಗಿ, ಬಿಗಿದು, ಬೆರಳು ಮಡಚೋಕೂ ಆಗದಂತೆ ಮಾಡಬಹುದು. ಡಾಕ್ಟರು ಬಣ್ಣ ನೋಡ್ತಾರೆ, ಒತ್ತಿ ಮೆತ್ತಗಿದೆಯಾ ಅಂತ ನೋಡ್ತಾರೆ, ಎಷ್ಟು ಉಬ್ಬಿದೆ ಅಂತ ನೋಡಿ ಅಂಕ ಹಾಕ್ತಾರೆ. ಒಬ್ಬರು ಹಾಕಿದ ಅಂಕ ಇನ್ನೊಬ್ಬರದಕ್ಕೆ ಹೊಂದಬೇಕೆಂದೇನಿಲ್ಲ. ಕಲೆ ಒಳಗೆ ಎಷ್ಟು ಆಳ ಇದೆ ಅನ್ನೋದಂತೂ ಕಣ್ಣಿಗೆ ಕಾಣಲ್ಲ. 20 ಮೆಗಾಹರ್ಟ್ಸ್ ಆಸುಪಾಸಿನ ಪ್ರೋಬ್ ಅದನ್ನು ತೋರಿಸುತ್ತೆ. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಎರಡು ಮಿಲಿಮೀಟರ್ ಆಳಕ್ಕೆ ಹೋಗಿ ಬರೋಕೆ ಸುಮಾರು 2.6 ಮೈಕ್ರೋಸೆಕೆಂಡ್. ಈ ಲೆಕ್ಕದಿಂದ ಕಲೆಯ ದಪ್ಪ ಮಿಲಿಮೀಟರಿನಲ್ಲೇ ಸಿಗುತ್ತೆ. ಎಲಾಸ್ಟೋಗ್ರಫಿ ಇದ್ದರೆ ಬಿಗಿತವನ್ನೂ ಅಳೆಯಬಹುದು. ಸಿಲಿಕೋನ್ ಪಟ್ಟಿ, ಒತ್ತಡದ ಬಟ್ಟೆ, ಇಂಜೆಕ್ಷನ್ ನಿಜವಾಗಿ ಕೆಲಸ ಮಾಡ್ತಿದೆಯಾ ಅಂತ ತಿಂಗಳಿಂದ ತಿಂಗಳಿಗೆ ಹೋಲಿಸಿ ನೋಡಬಹುದು. ಅದೂ ಚರ್ಮ ಕುಯ್ಯದೆ, ವಿಕಿರಣ ಇಲ್ಲದೆ.

ಪಿಯರ್ ಇದನ್ನೆಲ್ಲ ನೋಡಲಿಲ್ಲ. 1903ರಲ್ಲಿ ಮೇರಿ ಮತ್ತು ಬೆಕೆರಲ್ ಜೊತೆ ನೊಬೆಲ್ ಬಂತು. 1906ರ ಏಪ್ರಿಲ್ 19ರಂದು ಮಳೆಯಲ್ಲಿ ಪ್ಯಾರಿಸ್‌ನ ದೋಫಿನ್ ರಸ್ತೆ ದಾಟುವಾಗ ಕುದುರೆಗಾಡಿಯಡಿ ಸಿಕ್ಕಿ ಸತ್ತರು. ಆಗ ಅವರಿಗೆ 46 ವರ್ಷ. ಇವತ್ತಿನ ಪ್ರೋಬ್‌ಗಳಲ್ಲಿ ಹೆಚ್ಚಾಗಿ ಸ್ಫಟಿಕದ ಬದಲು ಸೆರಾಮಿಕ್ ಇರುತ್ತೆ, ಗುಣ ಮಾತ್ರ ಅದೇ. ಮುಂದಿನ ಸಲ ಲ್ಯಾಬಲ್ಲಿ ಪೀಜೋ ಡಿಸ್ಕ್ ಕೈಗೆ ಬಂದಾಗ ತೋಳಿನ ಗಾಯವನ್ನು ದಿನ ಎಣಿಸಿ ಬರೆದಿಟ್ಟ ಆ ಮೇಷ್ಟ್ರನ್ನೂ ಒಮ್ಮೆ ನೆನೆಸಿಕೊಳ್ಳಿ.