ಲಾರ್ಡ್ ರೇಲಿ

ಜಾನ್ ವಿಲಿಯಂ ಸ್ಟ್ರಟ್, 3ನೆಯ ಬ್ಯಾರನ್ ರೇಲಿ (12 ನವೆಂಬರ್ 1842 – 30 ಜೂನ್ 1919) ಇಂಗ್ಲೆಂಡಿನ ಪ್ರಸಿದ್ಧ ಭೌತವಿಜ್ಞಾನಿ. ಘನವಸ್ತುಗಳ ಮೇಲ್ಮೈಯಲ್ಲಿ ಸಾಗುವ ಅಲೆಗಳನ್ನು ಕುರಿತು ಇವರು 1885ರಲ್ಲಿ ಮಂಡಿಸಿದ ಸಿದ್ಧಾಂತವು ಇಂದಿನ ಮೇಲ್ಮೈ ಧ್ವನಿತರಂಗ ಸಂವೇದಕಗಳಿಗೆ ತಳಹದಿಯಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ರೇಲಿ ಜನಿಸಿದ್ದು ಎಸೆಕ್ಸ್ ಪ್ರಾಂತ್ಯದ ಲ್ಯಾಂಗ್‌ಫರ್ಡ್ ಗ್ರೋವ್‌ನಲ್ಲಿ. ಅನಾರೋಗ್ಯದಿಂದ ಶಾಲಾ ವಿದ್ಯಾಭ್ಯಾಸಕ್ಕೆ ಪದೇ ಪದೇ ಅಡ್ಡಿಯಾದರೂ, 1865ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. 1872ರಲ್ಲಿ ಸಂಧಿವಾತ ಜ್ವರಕ್ಕೆ ತುತ್ತಾಗಿ, ಚೇತರಿಕೆಗಾಗಿ ಈಜಿಪ್ಟಿಗೆ ತೆರಳಿದರು. ಆ ಪ್ರವಾಸದಲ್ಲಿ ಬರೆಯಲಾರಂಭಿಸಿದ ‘ದಿ ಥಿಯರಿ ಆಫ್ ಸೌಂಡ್’ ಗ್ರಂಥವು 1877–78ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು.

ಸಂಶೋಧನೆಗಳು

ಮ್ಯಾಕ್ಸ್‌ವೆಲ್ ಅವರ ನಿಧನಾನಂತರ 1879ರಿಂದ 1884ರವರೆಗೆ ಕೇಂಬ್ರಿಜ್‌ನಲ್ಲಿ ಕ್ಯಾವೆಂಡಿಷ್ ಪ್ರಾಧ್ಯಾಪಕರಾಗಿದ್ದರು. ಬಳಿಕ ಟರ್ಲಿಂಗ್‌ನ ತಮ್ಮ ಮನೆಯ ಪ್ರಯೋಗಾಲಯದಲ್ಲಿಯೇ ಸಂಶೋಧನೆ ಮುಂದುವರಿಸಿದರು. ಗಾಳಿಯಿಂದ ಪಡೆದ ಸಾರಜನಕವು ರಾಸಾಯನಿಕವಾಗಿ ತಯಾರಿಸಿದ ಸಾರಜನಕಕ್ಕಿಂತ ಸುಮಾರು 200ರಲ್ಲಿ 1 ಪಾಲು ಹೆಚ್ಚು ಭಾರವಾಗಿರುವುದನ್ನು ಗಮನಿಸಿದರು. ಈ ಅಲ್ಪ ವ್ಯತ್ಯಾಸದ ಕಾರಣವನ್ನು ಹುಡುಕುತ್ತ, ವಿಲಿಯಂ ರ‍್ಯಾಮ್ಸೆ ಅವರೊಂದಿಗೆ ಆರ್ಗಾನ್ ಅನಿಲವನ್ನು ಕಂಡುಹಿಡಿದರು. ಇದಕ್ಕಾಗಿ 1904ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಇವರಿಗೆ ಲಭಿಸಿತು. ಪ್ರಶಸ್ತಿಯ ಹಣವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ನೀಡಿದರು.

ಮೇಲ್ಮೈ ಅಲೆಗಳು

ಸ್ಥಿತಿಸ್ಥಾಪಕ ಘನವಸ್ತುವಿನ ಮೇಲ್ಮೈಗೆ ಅಂಟಿಕೊಂಡು ಚಲಿಸುವ ಅಲೆಯೊಂದಿದೆ ಎಂದು 1885ರಲ್ಲಿ ರೇಲಿ ಗಣಿತದ ಮೂಲಕ ತೋರಿಸಿದರು. ಈ ಅಲೆಯಲ್ಲಿ ಕಣಗಳು ದೀರ್ಘವೃತ್ತಾಕಾರದಲ್ಲಿ ಚಲಿಸುತ್ತವೆ. ಆಳಕ್ಕೆ ಹೋದಂತೆ ಚಲನೆ ಬೇಗನೆ ಕುಗ್ಗುತ್ತದೆ. ಭೂಕಂಪಗಳಲ್ಲಿ ಇಂತಹ ಅಲೆಗಳು ಮುಖ್ಯವಾಗಿರಬಹುದೆಂದು ಅವರು ಊಹಿಸಿದ್ದರು. ಅದು ಮುಂದೆ ನಿಜವಾಯಿತು. ಇವುಗಳಿಗೆ ರೇಲಿ ಅಲೆಗಳೆಂದೇ ಹೆಸರು.

ಸಂವೇದಕಗಳಲ್ಲಿ ಬಳಕೆ

1965ರಲ್ಲಿ ವೈಟ್ ಮತ್ತು ವೋಲ್ಟ್‌ಮರ್ ಎಂಬ ಅಮೆರಿಕದ ಸಂಶೋಧಕರು ಕ್ವಾರ್ಟ್ಸ್ ಹರಳಿನ ಮೇಲೆ ಬಾಚಣಿಗೆಯ ಹಲ್ಲುಗಳಂತಹ ಲೋಹದ ವಿದ್ಯುದ್ವಾರಗಳನ್ನು ಅಳವಡಿಸಿ, ವಿದ್ಯುತ್ ಸಂಕೇತದಿಂದ ರೇಲಿ ಅಲೆಗಳನ್ನು ಹುಟ್ಟಿಸಿದರು. ಅಲೆಯ ಶಕ್ತಿ ಮೇಲ್ಮೈಯಲ್ಲಿಯೇ ಕೇಂದ್ರೀಕೃತವಾಗಿರುವುದರಿಂದ, ಅಲ್ಲಿ ಉಂಟಾಗುವ ಸಣ್ಣ ಬದಲಾವಣೆಯೂ ಅದರ ವೇಗವನ್ನು ವ್ಯತ್ಯಾಸಗೊಳಿಸುತ್ತದೆ. ಸಾಧನದ ಆವರ್ತಾಂಕವೂ ಅದಕ್ಕನುಗುಣವಾಗಿ ಬದಲಾಗುತ್ತದೆ. ಹರಳಿನ ಮೇಲಿನ ಒತ್ತಡ ಮತ್ತು ಉಷ್ಣತೆಯನ್ನು ಹೀಗೆ ಅಳೆಯಲಾಗುತ್ತದೆ. ನಿರ್ದಿಷ್ಟ ಅನಿಲವನ್ನು ಹೀರುವ ತೆಳುಪದರವನ್ನು ಲೇಪಿಸಿದರೆ, ಹೀರಲ್ಪಟ್ಟ ಅನಿಲದ ದ್ರವ್ಯರಾಶಿ ಅಲೆಯನ್ನು ನಿಧಾನಗೊಳಿಸಿ ಅದರ ಇರುವಿಕೆಯನ್ನು ತಿಳಿಸುತ್ತದೆ. ರಕ್ತದಂತಹ ದ್ರವಗಳಲ್ಲಿ ಪ್ರೋಟೀನುಗಳನ್ನು ಗುರುತಿಸಲು ರೇಲಿ ಅಲೆ ಸೂಕ್ತವಲ್ಲ. ಅದರ ಮೇಲ್ಕೆಳಗಿನ ಚಲನೆಯಿಂದ ಶಕ್ತಿಯು ದ್ರವಕ್ಕೆ ಸೋರಿಹೋಗುತ್ತದೆ. ಅಲ್ಲಿ ಮೇಲ್ಮೈಗೆ ಸಮಾಂತರವಾಗಿ ಕಂಪಿಸುವ ಅಲೆಗಳನ್ನು ಬಳಸಿ, ಪ್ರೋಟೀನನ್ನು ಹಿಡಿಯುವ ಪ್ರತಿಕಾಯಗಳನ್ನು ಹರಳಿನ ಮೇಲೆ ಲೇಪಿಸುತ್ತಾರೆ.

ಕೊನೆಯ ದಿನಗಳು

1905ರಿಂದ 1908ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ರೇಲಿ, 1908ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕುಲಾಧಿಪತಿಯಾಗಿ ಕೊನೆಯವರೆಗೂ ಆ ಸ್ಥಾನದಲ್ಲಿದ್ದರು. 1919ರಲ್ಲಿ ಟರ್ಲಿಂಗ್‌ನಲ್ಲಿ ನಿಧನರಾದರು.